ಅಣಕು ಪರೀಕ್ಷೆ ಬರೆದಾಯಿತು, ಮುಂದೇನು?

ಈ ಸಲ ನಮಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಅಮೆರಿಕ ಮೊದಲಾದ ಕಡೆ ಪದವಿಗೆ ಸೇರಲು ಬರೆಯುವ ಸ್ಯಾಟ್, ಸ್ನಾತಕೋತ್ತರ ಓದಿಗೆ ಬರೆಯುವ ಜಿಆರ್‌ಇ, ಮ್ಯಾನೇಜ್‌ಮೆಂಟ್ ಓದಿಗೆ ಬರೆಯುವ ಜಿಮ್ಯಾಟ್‌ನಂತಹ ಪ್ರವೇಶ ಪರೀಕ್ಷೆಗಳಿಗೆ ಮೊದಲು ಬರೆಯುವ ಅಣಕು ಪರೀಕ್ಷೆಗಳನ್ನು, ಅಂದರೆ ಎಲ್ಲರ ಬಾಯಲ್ಲಿ ಓಡಾಡುವ ಮಾಕ್ ಟೆಸ್ಟ್‌ಗಳನ್ನು, ಎಷ್ಟು ಮತ್ತು ಹೇಗೆ ಬಳಸಿಕೊಳ್ಳಬೇಕು ಎಂಬುದೇ ಆ ವಿಷಯ. ಒಂದೇ ಬಗೆಯ ಪತ್ರಗಳನ್ನು ಒಟ್ಟುಗೂಡಿಸಿ, ಏಳು ಪ್ರಶ್ನೆಗಳನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಜಿಆರ್‌ಇ ಪರೀಕ್ಷೆಗೆ ನನಗೆ ಇನ್ನು ಹತ್ತು ವಾರ ಉಳಿದಿದೆ. ಬೇರೆ ಬೇರೆ ಕಡೆಗಳಿಂದ ಒಟ್ಟು 22 ಅಣಕು ಪರೀಕ್ಷೆಗಳನ್ನು ಕೂಡಿಹಾಕಿಕೊಂಡಿದ್ದೇನೆ. ಹೋದ ವರ್ಷ ಪರೀಕ್ಷೆ ಬರೆದ ಗೆಳತಿ, ಕೊನೆಯ ತಿಂಗಳಲ್ಲಿ ದಿನಕ್ಕೊಂದರಂತೆ ಬರೆದು ಮುಗಿಸು ಎನ್ನುತ್ತಾಳೆ. ಅಷ್ಟೊಂದು ಬರೆಯಬೇಕೆ? ಮೊದಲನೆಯದನ್ನು ಈಗಲೇ ಬರೆಯಲೋ, ಓದು ಮುಗಿದ ಮೇಲೆ ಬರೆಯಲೋ?

ಉತ್ತರ: 22 ಎಂಬ ಸಂಖ್ಯೆಯನ್ನು ಮೊದಲು ಬದಿಗಿಡಿ. ಅಣಕು ಪರೀಕ್ಷೆಯಿಂದ ಎರಡು ಕೆಲಸಗಳು ಆಗುತ್ತವೆ, ಮತ್ತು ಅವೆರಡನ್ನೂ ಬೆರೆಸಿಬಿಡುವುದರಿಂದಲೇ ಗೊಂದಲ ಹುಟ್ಟುತ್ತದೆ. ಈ ಹೊತ್ತಿಗೆ ನೀವು ಎಲ್ಲಿದ್ದೀರಿ ಎಂದು ಅಳೆಯುವುದು ಒಂದು ಕೆಲಸ. ಓದಿದ್ದನ್ನು ನೆನಪಿನಿಂದ ಹೊರಗೆಳೆದು ಬಳಸುವ ರೂಢಿ ಮಾಡಿಸುವುದು ಇನ್ನೊಂದು. ಮೊದಲ ಕೆಲಸಕ್ಕೆ ಪೂರ್ಣಾವಧಿಯ ಪರೀಕ್ಷೆಯೇ ಬೇಕು. ಎರಡನೆಯದಕ್ಕೆ ಅದು ಬೇಕಾಗಿಲ್ಲ. ಹತ್ತು ಹನ್ನೆರಡು ಪ್ರಶ್ನೆಗಳ ಸಣ್ಣ ಕಂತು ಸಾಕಾಗುತ್ತದೆ, ಅದನ್ನು ದಿನಾ ಮಾಡಬಹುದು.

ಎರಡನೆಯ ಕೆಲಸದ ಬೆಲೆಯನ್ನು ಕಡಿಮೆ ಎಣಿಸಬಾರದು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಓದಿದ ನಂತರ ಅದನ್ನೇ ಮತ್ತೆ ಓದಿದರು, ಇಲ್ಲವೇ ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು: ಅವರದು ಶೇಕಡ 81, ಬರೆದವರದು 75. ಒಂದು ವಾರದ ನಂತರ ಕೇಳಿದಾಗ ಲೆಕ್ಕ ತಿರುಗಿತ್ತು: ಮತ್ತೆ ಓದಿದವರಲ್ಲಿ ಉಳಿದದ್ದು ಶೇಕಡ 42, ಬರೆದವರಲ್ಲಿ 56. ಮತ್ತೆ ಮತ್ತೆ ಓದಿದಾಗ ಬರುವ 'ಗೊತ್ತಾಯಿತು' ಎಂಬ ಭಾವನೆ ಎಷ್ಟು ಅಲ್ಪಾಯುಷಿ ಎಂಬುದು ಇದರಿಂದ ತಿಳಿಯುತ್ತದೆ. ಆದ್ದರಿಂದ ನೀವು ಕೂಡಿಹಾಕಿರುವ 22ರಲ್ಲಿ ಹೆಚ್ಚಿನವನ್ನು ಪೂರ್ಣ ಪರೀಕ್ಷೆಗಳಾಗಿ ಬರೆಯದೆ ಬಿಡಿಸಿಟ್ಟುಕೊಳ್ಳಿ. ಅವುಗಳ ಒಂದೊಂದು ವಿಭಾಗವನ್ನು ದಿನದ ಅಭ್ಯಾಸಕ್ಕೆ ಬಳಸಿ.

ಪೂರ್ಣ ಪರೀಕ್ಷೆಗಳ ಮಾತು ಬೇರೆ. 2023ರ ಸೆಪ್ಟೆಂಬರ್‌ನಲ್ಲಿ ಮೊಟಕುಗೊಂಡ ಮೇಲೆ ಜಿಆರ್‌ಇ 1 ಗಂಟೆ 58 ನಿಮಿಷದ ಪರೀಕ್ಷೆಯಾಗಿದೆ. ಅದನ್ನು ಬರೆಯಲು ಎರಡು ಗಂಟೆ ಹಿಡಿದರೆ, ಬರೆದದ್ದನ್ನು ಸರಿಯಾಗಿ ಬಿಡಿಸಿ ನೋಡಲು ನಾಲ್ಕು ಗಂಟೆಯಾದರೂ ಬೇಕು. ದಿನಕ್ಕೊಂದು ಬರೆಯುವವರಿಗೆ ಆ ನಾಲ್ಕು ಗಂಟೆ ಎಲ್ಲಿಂದ ಬರಬೇಕು? ಅಂಕ ನೋಡಿ, ನಿಟ್ಟುಸಿರು ಬಿಟ್ಟು, ಮರುದಿನ ಇನ್ನೊಂದಕ್ಕೆ ಕೂರುತ್ತಾರೆ. ಅದೇ ತಪ್ಪುಗಳು ಹೊಸ ಪತ್ರಿಕೆಯಲ್ಲಿ ಮತ್ತೆ ಕಾಣಿಸುತ್ತವೆ. ನಿಮ್ಮ ಹತ್ತು ವಾರಗಳಿಗೆ ಆರು ಪೂರ್ಣ ಪರೀಕ್ಷೆ ಧಾರಾಳವಾಯಿತು ಎಂಬುದು ನನ್ನ ಅಭಿಪ್ರಾಯ: ಆರಂಭದಲ್ಲಿ ಒಂದು, ನಡುವಿನ ವಾರಗಳಲ್ಲಿ ಹದಿನೈದು ದಿನಕ್ಕೊಂದರಂತೆ ಎರಡು, ಕೊನೆಯ ತಿಂಗಳಲ್ಲಿ ವಾರಕ್ಕೊಂದರಂತೆ ಮೂರು.

ಮೊದಲನೆಯದನ್ನು ಈಗಲೇ ಬರೆಯಿರಿ, ಆದರೆ ಕಣ್ಣುಮುಚ್ಚಿಕೊಂಡು ಬೇಡ. ಪ್ರಶ್ನೆಗಳ ಬಗೆ, ವಿಭಾಗಗಳ ಅವಧಿ, ಪರದೆಯ ಮೇಲಿನ ಗುಂಡಿಗಳು ಇವುಗಳನ್ನು ಒಂದೆರಡು ದಿನ ನೋಡಿಕೊಂಡು ಬರೆಯಿರಿ. ಇಲ್ಲದಿದ್ದರೆ ಬರುವ ಅಂಕ ನಿಮ್ಮ ವಿಷಯಜ್ಞಾನದ ಅಳತೆಯಾಗದೆ ಅಪರಿಚಯದ ಅಳತೆಯಾಗುತ್ತದೆ. ಓದೆಲ್ಲ ಮುಗಿದ ಮೇಲೆ ಬರೆಯುತ್ತೇನೆ ಎಂದು ಕಾಯುವವರನ್ನು ಬಹಳ ನೋಡಿದ್ದೇನೆ. ಓದು ಮುಗಿಯುವುದೆಂಬುದಿಲ್ಲ, ಮತ್ತು ಯಾವುದನ್ನು ಓದಬೇಕಾಗಿರಲಿಲ್ಲ ಎಂಬುದು ಅವರಿಗೆ ತಡವಾಗಿ ತಿಳಿಯುತ್ತದೆ.

ಆ ಆರರಲ್ಲಿ ಯಾವುದನ್ನು ಯಾವಾಗ ಬರೆಯಬೇಕು ಎಂಬುದನ್ನು ಈಗಲೇ ನಿರ್ಧರಿಸಿಡಿ. ಜಿಆರ್‌ಇ ನಡೆಸುವ ಇಟಿಎಸ್ ಸಂಸ್ಥೆಯೇ ಪವರ್‌ಪ್ರೆಪ್ ಎಂಬ ಹೆಸರಿನಲ್ಲಿ ಎರಡು ಪೂರ್ಣ ಪರೀಕ್ಷೆಗಳನ್ನು ಉಚಿತವಾಗಿ ಕೊಡುತ್ತದೆ. ಅದಕ್ಕಿಂತ ಹೆಚ್ಚು ಬೇಕಾದವರು ಹಣ ಕೊಟ್ಟು ಪಡೆಯಬೇಕು. ಇವುಗಳಲ್ಲಿ ಪ್ರಶ್ನೆಗಳ ಹದ, ಮೊದಲ ವಿಭಾಗದಲ್ಲಿ ನೀವು ಮಾಡಿದ್ದನ್ನು ನೋಡಿ ಎರಡನೆಯ ವಿಭಾಗದ ಕಾಠಿಣ್ಯವನ್ನು ಬದಲಿಸುವ ಕ್ರಮ, ಅಂಕ ಕೊಡುವ ರೀತಿ ಎಲ್ಲವೂ ನಿಜ ಪರೀಕ್ಷೆಗೆ ಅತ್ಯಂತ ಹತ್ತಿರವಾಗಿರುತ್ತವೆ. ಬೇರೆಯವರು ತಯಾರಿಸಿದ ಪರೀಕ್ಷೆಗಳು ಅಭ್ಯಾಸಕ್ಕೆ ಒಳ್ಳೆಯವಿರಬಹುದು, ಅಳತೆಗೆ ಅಷ್ಟು ನಂಬಲಾಗದು. ಆದ್ದರಿಂದ ಉಚಿತವಾದ ಎರಡರಲ್ಲಿ ಒಂದನ್ನು ಆರಂಭದಲ್ಲಿ ಬರೆದು, ಇನ್ನೊಂದನ್ನು ಪರೀಕ್ಷೆಗೆ ಹತ್ತು ದಿನ ಉಳಿದಾಗ ಬರೆಯಲು ಮುಟ್ಟದೆ ಇಡಿ. ಹುರುಪಿನಲ್ಲಿ ಮೊದಲ ವಾರದಲ್ಲೇ ಎರಡನ್ನೂ ಖರ್ಚು ಮಾಡಿಕೊಂಡವರಿಗೆ ಕೊನೆಯಲ್ಲಿ ನಂಬತಕ್ಕ ಅಳತೆಗೋಲು ಉಳಿದಿರುವುದಿಲ್ಲ.

ಪ್ರಶ್ನೆ: ಮೂರು ಅಣಕು ಪರೀಕ್ಷೆ ಬರೆದೆ, ಮೂರರಲ್ಲೂ ಅಂಕ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಪ್ರತಿ ಸಲ ತಪ್ಪಾದ ಪ್ರಶ್ನೆಗಳ ಉತ್ತರ ವಿವರಣೆಯನ್ನು ಓದಿ ಅರ್ಥ ಮಾಡಿಕೊಳ್ಳುತ್ತೇನೆ. ಅರ್ಧಕ್ಕರ್ಧ ಸಿಲ್ಲಿ ಮಿಸ್ಟೇಕ್‌ಗಳೇ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ವಿವರಣೆಯನ್ನು ಓದುವುದರಲ್ಲೇ ಎಡವುತ್ತಿದ್ದೀರಿ. ಬೇರೆಯವರು ಬಿಡಿಸಿಟ್ಟ ಲೆಕ್ಕವನ್ನು ಓದುವಾಗ ಪ್ರತಿಯೊಂದು ಹೆಜ್ಜೆಯೂ ಸಹಜವೆನಿಸುತ್ತದೆ, ತಲೆ ಆಡಿಸುತ್ತ ಮುಂದೆ ಹೋಗುತ್ತೇವೆ; ಆ ಹೆಜ್ಜೆ ನಮಗೇ ಹೊಳೆಯುತ್ತಿತ್ತೇ ಎಂಬ ಪ್ರಶ್ನೆ ಮಾತ್ರ ಕೇಳದೆಯೇ ಉಳಿದುಹೋಗುತ್ತದೆ.

ಮುಂದಿನ ಪರೀಕ್ಷೆಯಿಂದ ಕ್ರಮವನ್ನು ಸ್ವಲ್ಪ ಬದಲಿಸಿ. ಬರೆಯುವಾಗಲೇ ಪ್ರತಿ ಉತ್ತರದ ಪಕ್ಕ, ರಫ್ ಹಾಳೆಯ ಮೇಲೆ, ಒಂದು ಗುರುತು ಹಾಕಿಕೊಳ್ಳಿ: ಖಚಿತ, ಅನುಮಾನ, ಊಹೆ. ಮೂರಕ್ಕೂ ಒಂದೊಂದು ಅಕ್ಷರ ಸಾಕು, ಅರ್ಧ ಕ್ಷಣದ ಕೆಲಸ. ಪರೀಕ್ಷೆ ಮುಗಿದ ಮೇಲೆ ಸರಿಯುತ್ತರಗಳನ್ನು ತೆರೆಯುವ ಮೊದಲು, ಅನುಮಾನ ಮತ್ತು ಊಹೆ ಎಂದು ಗುರುತಿಸಿದ ಪ್ರಶ್ನೆಗಳನ್ನು ಸಮಯದ ಕಟ್ಟಿಲ್ಲದೆ ಇನ್ನೊಮ್ಮೆ ಬಿಡಿಸಿ. ಉತ್ತರ ನೋಡಬೇಕಾದದ್ದು ಇಷ್ಟಾದ ಮೇಲೆಯೇ. ಸಮಯ ಕೊಟ್ಟಾಗ ಸರಿಯಾದದ್ದು ಯಾವುದು, ಸಮಯ ಕೊಟ್ಟರೂ ತಪ್ಪಾದದ್ದು ಯಾವುದು ಎಂಬುದು ಆಗ ತಾನಾಗಿಯೇ ಬೇರ್ಪಡುತ್ತದೆ. ಮೊದಲನೆಯ ಗುಂಪಿಗೆ ವೇಗದ ಅಭ್ಯಾಸ ಬೇಕು. ಎರಡನೆಯ ಗುಂಪಿಗೆ ಮತ್ತೆ ಪಾಠಪುಸ್ತಕವೇ ಗತಿ. ಅಲ್ಲಿ ಇನ್ನೊಂದು ಅಣಕು ಪರೀಕ್ಷೆ ಬರೆದು ಏನೂ ಆಗುವುದಿಲ್ಲ.

ಇನ್ನು ಮೂರನೆಯ ಗುಂಪೊಂದಿದೆ, ಅದನ್ನು ಯಾರೂ ನೋಡುವುದಿಲ್ಲ: ಊಹೆ ಎಂದು ಗುರುತು ಹಾಕಿದ್ದು, ಅದೃಷ್ಟಕ್ಕೆ ಸರಿಯಾದದ್ದು. ಫಲಿತಾಂಶದ ಪಟ್ಟಿಯಲ್ಲಿ ಅದು ಹಸಿರು ಬಣ್ಣದಲ್ಲಿ ಕೂತಿರುತ್ತದೆ, ನಾವೂ ದಾಟಿಹೋಗುತ್ತೇವೆ. ಮುಂದಿನ ಪರೀಕ್ಷೆಯಲ್ಲಿ ಅದೃಷ್ಟ ಕೈಕೊಟ್ಟಾಗ 'ಬರುತ್ತಿದ್ದ ಪ್ರಶ್ನೆ ಹೇಗೆ ತಪ್ಪಿತು' ಎಂದು ಅಚ್ಚರಿಪಡುತ್ತೇವೆ. ನಿಮ್ಮ ಅಂಕ ಅಲ್ಲೇ ನಿಂತಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ಇದಕ್ಕೆ ತದ್ವಿರುದ್ಧವಾದದ್ದು, ಖಚಿತ ಎಂದು ಗುರುತಿಸಿದ್ದು ತಪ್ಪಾಗುವುದು. ಇಂಥ ತಪ್ಪಿಗೆ ನಾಚಬೇಕಾಗಿಲ್ಲ. ಗಾಢವಾದ ನಂಬಿಕೆಯಿಂದ ಮಾಡಿದ ತಪ್ಪನ್ನು ಯಾರಾದರೂ ತಿದ್ದಿದರೆ ಅದು ಅರೆಮನಸ್ಸಿನಿಂದ ಮಾಡಿದ ತಪ್ಪಿಗಿಂತ ಚೆನ್ನಾಗಿ ಸರಿಹೋಗುತ್ತದೆ ಎಂದು ಬಟರ್‌ಫೀಲ್ಡ್ ಮತ್ತು ಮೆಟ್‌ಕಾಫ್ ಎಂಬ ಮನೋವಿಜ್ಞಾನಿಗಳು 2001ರಲ್ಲೇ ತೋರಿಸಿದ್ದಾರೆ. ಆದರೆ ತಿದ್ದುಪಡಿ ಆಗಬೇಕಾದರೆ ಯಾವುದು ಖಚಿತವೆಂದುಕೊಂಡಿದ್ದೆ ಎಂಬ ಗುರುತಾದರೂ ನಮ್ಮ ಕಣ್ಣ ಮುಂದಿರಬೇಕಲ್ಲ!

ಸಿಲ್ಲಿ ಮಿಸ್ಟೇಕ್ ಎಂಬ ಮಾತಿನ ಬಗ್ಗೆ ನನಗೆ ತಕರಾರಿದೆ. ಆ ಹೆಸರು ಕೊಟ್ಟ ಕೂಡಲೇ ತಪ್ಪಿನ ತನಿಖೆ ನಿಂತುಹೋಗುತ್ತದೆ. ಒಂದು ಉದಾಹರಣೆ ನೋಡಿ. ಒಂದು ಸಂಖ್ಯೆ ಸೊನ್ನೆಗಿಂತ ದೊಡ್ಡದು. ಆ ಸಂಖ್ಯೆ ದೊಡ್ಡದೋ, ಅದರ ವರ್ಗ ದೊಡ್ಡದೋ ಎಂದು ಜಿಆರ್‌ಇಯ ಹೋಲಿಕೆಯ ಪ್ರಶ್ನೆಯೊಂದು ಕೇಳಿತು ಎಂದುಕೊಳ್ಳಿ. ವರ್ಗವೇ ದೊಡ್ಡದು ಎಂದು ಗುರುತು ಹಾಕಿ ಮುಂದೆ ಹೋಗುತ್ತೀರಿ. ಸಂಖ್ಯೆ 3 ಆದರೆ ವರ್ಗ 9, ಸರಿಯೇ. ಸಂಖ್ಯೆ 1 ಆದರೆ ಎರಡೂ ಸಮ. ಸಂಖ್ಯೆ ಅರ್ಧವಾದರೆ ವರ್ಗ ಕಾಲು ಮಾತ್ರ. ಹೇಳಲಾಗದು ಎಂಬುದೇ ಸರಿಯುತ್ತರ. ಉತ್ತರ ನೋಡಿದಾಗ 'ಅಯ್ಯೋ, ಗೊತ್ತಿತ್ತಲ್ಲ' ಎನಿಸುತ್ತದೆ, ಸಿಲ್ಲಿ ಎಂದು ಬರೆದುಕೊಳ್ಳುತ್ತೀರಿ. ಆದರೆ ಅದು ಗಮನ ತಪ್ಪಿ ಆದದ್ದಲ್ಲ. ಸಂಖ್ಯೆ ಎಂದ ಕೂಡಲೇ ಪೂರ್ಣಸಂಖ್ಯೆಯನ್ನಷ್ಟೇ ಊಹಿಸಿಕೊಳ್ಳುವ ಅಭ್ಯಾಸದ ಫಲ ಅದು, ಮತ್ತು ಇದೇ ಅಭ್ಯಾಸ ಬೇರೆ ವೇಷದಲ್ಲಿ ಇನ್ನೂ ನಾಲ್ಕು ಪ್ರಶ್ನೆಗಳಲ್ಲಿ ಕಾಡುತ್ತದೆ. ತಪ್ಪುಗಳಿಗೊಂದು ನೋಟ್‌ಬುಕ್ ಇಟ್ಟು ಅದರಲ್ಲಿ 'ಸಿಲ್ಲಿ' ಎಂದು ಬರೆಯುವ ಬದಲು 'ಭಿನ್ನರಾಶಿಯನ್ನೂ ಒಂದನ್ನೂ ಹಾಕಿ ನೋಡಲಿಲ್ಲ' ಎಂದು ಬರೆಯಿರಿ. ಓದಿ ಗ್ರಹಿಸುವ ಪ್ರಶ್ನೆಯಾದರೆ 'ಎರಡು ಆಯ್ಕೆ ಉಳಿದಾಗ, ಗದ್ಯದಲ್ಲಿ ಇರುವುದಕ್ಕಿಂತ ಹೆಚ್ಚು ಹೇಳುವ ಆಯ್ಕೆಯನ್ನು ಆರಿಸಿದೆ' ಎಂದು ಬರೆಯಿರಿ. ಇಪ್ಪತ್ತು ಮೂವತ್ತು ಸಾಲುಗಳಾಗುವಷ್ಟರಲ್ಲಿ ಒಂದೇ ವಾಕ್ಯ ಬೇರೆ ಬೇರೆ ಪುಟಗಳಲ್ಲಿ ಮರುಕಳಿಸುತ್ತಿರುವುದು ಕಣ್ಣಿಗೆ ಬೀಳುತ್ತದೆ; ನಿಮ್ಮ ನಿಂತ ಅಂಕದ ಕೀಲಿ ಇರುವುದು ಅಲ್ಲಿ.

ನೋಟ್‌ಬುಕ್ಕಿನ ಪ್ರಶ್ನೆಗಳನ್ನು ಮೂರು ದಿನ ಬಿಟ್ಟು ಒಮ್ಮೆ, ಹತ್ತು ದಿನ ಬಿಟ್ಟು ಇನ್ನೊಮ್ಮೆ ಉತ್ತರ ಮುಚ್ಚಿಟ್ಟು ಬಿಡಿಸಿ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ ಮರೆವಿನ ವೇಗವನ್ನು ಅಳೆದ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್, ಒಂದೇ ಬಾರಿಗೆ ಉರು ಹೊಡೆಯುವುದಕ್ಕಿಂತ ದಿನಗಳ ಮೇಲೆ ಹಂಚಿ ಕಲಿಯುವುದು ಮೇಲು ಎಂದು 1885ರಲ್ಲೇ ದಾಖಲಿಸಿದ್ದರು. ವಿದ್ಯಾರ್ಥಿಗಳು ಬಳಸುವ ಹತ್ತು ಅಧ್ಯಯನ ಕ್ರಮಗಳನ್ನು ಜಾನ್ ಡನ್‌ಲೋಸ್ಕಿ ಮತ್ತು ಸಂಗಡಿಗರು 2013ರಲ್ಲಿ ತೂಗಿ ನೋಡಿದಾಗಲೂ ಮೇಲಿನ ದರ್ಜೆ ಸಿಕ್ಕಿದ್ದು ಎರಡಕ್ಕೆ ಮಾತ್ರ: ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ದಿನಗಳ ಮೇಲೆ ಹಂಚಿ ಓದುವುದು. ಗೆರೆ ಎಳೆಯುತ್ತ ಓದುವುದಕ್ಕೂ ಮತ್ತೆ ಮತ್ತೆ ಓದುವುದಕ್ಕೂ ಕೆಳಗಿನ ದರ್ಜೆ ಸಿಕ್ಕಿತು.

ಪ್ರಶ್ನೆ: ಸ್ಯಾಟ್‌ಗೆ ತಯಾರಾಗುತ್ತಿದ್ದೇನೆ. ಮೊದಲ ಅಣಕು ಪರೀಕ್ಷೆಯಲ್ಲಿ 1310, ಎರಡನೆಯದರಲ್ಲಿ 1350, ಮೂರನೆಯದರಲ್ಲಿ 1280. ಓದಿದಷ್ಟೂ ಅಂಕ ಇಳಿಯುತ್ತಿದೆಯಲ್ಲ ಎಂದು ದಿಗಿಲಾಗಿದೆ. ತಯಾರಿಯ ದಾರಿಯನ್ನೇ ಬದಲಿಸಬೇಕೆ?

ಉತ್ತರ: ಈ ಮೂರು ಅಂಕಗಳಿಂದ ನೀವು ಹಿಂದೆ ಬಿದ್ದಿದ್ದೀರಿ ಎಂದು ಹೇಳಲಾಗದು; ಮುಂದೆ ಹೋಗಿದ್ದೀರಿ ಎಂದೂ ಹೇಳಲಾಗದು. ಯಾವ ಪರೀಕ್ಷೆಯ ಅಂಕವೂ ಒಂದು ಬಿಂದುವಲ್ಲ, ಅದೊಂದು ಹರವು. ಸ್ಯಾಟ್ ನಡೆಸುವ ಕಾಲೇಜ್ ಬೋರ್ಡ್ ತಾನೇ ಅಂಕಪಟ್ಟಿಯಲ್ಲಿ ಅಂಕದ ಜೊತೆಗೆ ಅಂಕದ ವ್ಯಾಪ್ತಿಯನ್ನೂ ಕೊಡುತ್ತದೆ. ಒಂದೇ ಸಾಮರ್ಥ್ಯದ ವಿದ್ಯಾರ್ಥಿ ಬೇರೊಂದು ದಿನ ಬೇರೊಂದು ಪತ್ರಿಕೆ ಬರೆದಿದ್ದರೆ ಒಂದೊಂದು ವಿಭಾಗದಲ್ಲಿ ಸುಮಾರು 30 ಅಂಕ ಅತ್ತಿತ್ತ ಆಗುವುದು ತೀರ ಸಾಮಾನ್ಯ ಎಂಬುದು ಅದರ ಅರ್ಥ. ಎರಡು ಪರೀಕ್ಷೆಗಳ ಅಂತರವನ್ನು ನೋಡುವಾಗ ಎರಡರ ಅಲುಗಾಟವೂ ಅದರಲ್ಲಿ ಸೇರಿಕೊಳ್ಳುವುದರಿಂದ, 1350ರಿಂದ 1280ಕ್ಕೆ ಇಳಿದ 70 ಅಂಕಗಳಲ್ಲಿ ಬಹುಪಾಲು, ಅಥವಾ ಪೂರ್ತಿಯೇ, ಇಂಥ ಅಲುಗಾಟವಿರಬಹುದು. ಅಲ್ಲದೆ ಒಮ್ಮೆ ವಿಶೇಷವಾಗಿ ಹೆಚ್ಚು ಬಂದ ಅಂಕದ ನಂತರ ಬರುವ ಅಂಕ ಸರಾಸರಿಯ ಕಡೆಗೆ ಜಗ್ಗುವುದು ಸಹಜ. 1350 ಬಂದ ದಿನ ಒಂದೆರಡು ಊಹೆಗಳು ಕೈಹಿಡಿದಿರಬಹುದು, ಗದ್ಯಭಾಗಗಳು ನಿಮಗೆ ಪ್ರಿಯವಾದ ವಿಷಯದವೇ ಆಗಿರಬಹುದು.

ಒಂದು ಅಂಕವನ್ನು ನೋಡದೆ ಮೂರರ ಸರಾಸರಿಯನ್ನು ನೋಡಿ. ನಿಮ್ಮದು ಈಗ ಸುಮಾರು 1313. ಮುಂದಿನ ಪರೀಕ್ಷೆ ಬರೆದಾಗ ಮೊದಲನೆಯದನ್ನು ಬಿಟ್ಟು ಕೊನೆಯ ಮೂರರ ಸರಾಸರಿ ತೆಗೆಯಿರಿ. ಆ ಸಂಖ್ಯೆ ಏರುತ್ತಿದ್ದರೆ ದಾರಿ ಸರಿಯಿದೆ. ಮೂರೂ ಒಂದೇ ಮೂಲದ ಪರೀಕ್ಷೆಗಳೇ ಎಂಬುದನ್ನೂ ನೋಡಿಕೊಳ್ಳಿ. ಒಬ್ಬರು ಪತ್ರಿಕೆಯನ್ನು ಬಿಗಿಯಾಗಿ ತಯಾರಿಸುತ್ತಾರೆ, ಇನ್ನೊಬ್ಬರು ಸಡಿಲವಾಗಿ. ಅವುಗಳ ಅಂಕಗಳನ್ನು ಒಂದೇ ನಕ್ಷೆಯಲ್ಲಿ ಜೋಡಿಸುವುದು ಗಜವನ್ನೂ ಮೀಟರನ್ನೂ ಕೂಡಿಸಿದ ಹಾಗಾಗುತ್ತದೆ. ಮುದ್ರಿತ ಹಾಳೆಯ ಮೇಲೆ ಬರೆದ ಪರೀಕ್ಷೆಯಾಗಿದ್ದರೆ ಇನ್ನೂ ಒಂದು ತೊಡಕಿದೆ. ಈಗಿನ ಸ್ಯಾಟ್‌ನಲ್ಲಿ ಪ್ರತಿ ವಿಭಾಗವೂ ಎರಡು ಭಾಗಗಳಲ್ಲಿ ಬರುತ್ತದೆ. ಮೊದಲ ಭಾಗದಲ್ಲಿ ನೀವು ಮಾಡಿದ್ದರ ಮೇಲೆ ಎರಡನೆಯದು ಸುಲಭವೋ ಕಷ್ಟವೋ ಎಂಬುದು ತೀರ್ಮಾನವಾಗುತ್ತದೆ. ಹಾಳೆಯ ಮೇಲೆ ಇದು ಸಾಧ್ಯವಿಲ್ಲ. ಅಳತೆಗಾಗಿ ಬರೆಯುವ ಪರೀಕ್ಷೆಯನ್ನು ಕಾಲೇಜ್ ಬೋರ್ಡ್‌ನ ಬ್ಲೂಬುಕ್ ಎಂಬ ತಂತ್ರಾಂಶದಲ್ಲಿಯೇ ಬರೆಯಿರಿ.

ತಯಾರಿಯ ದಾರಿಯನ್ನು ಈಗ ಬದಲಿಸಬೇಡಿ.

ಪ್ರಶ್ನೆ: ನನ್ನ ಮಗ ಅಣಕು ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ತೆಗೆಯುತ್ತಿದ್ದಾನೆ. ಆದರೆ ಬರೆಯುವಾಗ ನಡುವೆ ಎದ್ದು ಹೋಗುತ್ತಾನೆ, ಮೊಬೈಲ್ ನೋಡುತ್ತಾನೆ, ಒಂದು ವಿಭಾಗವನ್ನು ಸಂಜೆಗೆ ಮುಂದೂಡುತ್ತಾನೆ. ಕೇಳಿದರೆ, ಅಭ್ಯಾಸ ತಾನೆ, ನಿಜ ಪರೀಕ್ಷೆಯಲ್ಲಿ ಹೀಗೆ ಮಾಡುತ್ತೇನೆಯೇ ಎನ್ನುತ್ತಾನೆ. ನಾನು ಸುಮ್ಮನಿರಬೇಕೇ?

ಉತ್ತರ: ತಾಯಿಯಾಗಿ ನಿಮಗೆ ಬಂದಿರುವ ಅನುಮಾನ ಸರಿಯಾದದ್ದು. ಅವನು ಮಾಡುತ್ತಿರುವುದು ಪ್ರಶ್ನೆಗಳ ಅಭ್ಯಾಸ; ಅದು ತಪ್ಪೇನಲ್ಲ. ಆದರೆ ಅದರಿಂದ ಬಂದ ಅಂಕವನ್ನು ಪರೀಕ್ಷೆಯ ಅಂಕವೆಂದು ಬರೆದಿಟ್ಟುಕೊಳ್ಳುವುದು ಮಾತ್ರ ಸರಿಯಲ್ಲ. ಸ್ಯಾಟ್ ಆದರೆ 2 ಗಂಟೆ 14 ನಿಮಿಷ, ನಡುವೆ ಒಂದೇ ಒಂದು ಹತ್ತು ನಿಮಿಷದ ಬಿಡುವು. ಜಿಆರ್‌ಇಯಲ್ಲಿ ನಿಗದಿತ ಬಿಡುವೇ ಇಲ್ಲ. ಕೊನೆಯ ಅರ್ಧ ಗಂಟೆಯಲ್ಲಿ ದಣಿದ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯಲು ದಣಿಯುವವರೆಗೆ ಕೂರುವುದನ್ನು ಬಿಟ್ಟು ಬೇರೆ ಉಪಾಯವಿಲ್ಲ.

ಹತ್ತರಲ್ಲಿ ಎಂಟು ಅಭ್ಯಾಸಗಳನ್ನು ಅವನ ಇಷ್ಟಕ್ಕೆ ಬಿಡಿ. ಉಳಿದ ಎರಡನ್ನು ಪೂರ್ಣ ಶಿಸ್ತಿನಿಂದ ಬರೆಯುವಂತೆ ಒಪ್ಪಿಸಿ: ನಿಜ ಪರೀಕ್ಷೆ ನಡೆಯುವ ಹೊತ್ತಿಗೇ ಆರಂಭ, ಮೊಬೈಲ್ ಬೇರೆ ಕೋಣೆಯಲ್ಲಿ, ಗಡಿಯಾರ ನಿಲ್ಲಿಸುವಂತಿಲ್ಲ, ಪರೀಕ್ಷೆಯ ಪರದೆಯಲ್ಲೇ ಸಿಗುವ ಕ್ಯಾಲ್ಕುಲೇಟರ್ ಮಾತ್ರ. ಕ್ಯಾಲ್ಕುಲೇಟರಿನ ಮಾತು ಚಿಕ್ಕದಾಗಿ ಕಂಡರೂ ಚಿಕ್ಕದಲ್ಲ. ಸ್ಯಾಟ್‌ನ ಪರದೆಯಲ್ಲಿ ನಕ್ಷೆ ಬಿಡಿಸಿ ತೋರಿಸುವ ಡೆಸ್ಮೋಸ್ ಇದೆ, ಜಿಆರ್‌ಇಯಲ್ಲಿ ಇರುವುದು ಸಾದಾ ಲೆಕ್ಕದ ಯಂತ್ರ. ಕೈಯಲ್ಲಿರುವ ಬೇರೊಂದಕ್ಕೆ ಬೆರಳು ಒಗ್ಗಿಹೋಗಿದ್ದರೆ ಪರೀಕ್ಷೆಯ ದಿನ ತಡವರಿಸುವುದು ಖಂಡಿತ.

ಫಲಿತಾಂಶ ಬಂದಾಗ 'ಎಷ್ಟು ಬಂತು' ಎಂದು ಮೊದಲು ಕೇಳಬೇಡಿ ಎಂಬುದು ನಿಮ್ಮಲ್ಲಿ ನನ್ನ ವಿನಂತಿ. ಅಂಕಕ್ಕಾಗಿಯೇ ಮನೆಯಲ್ಲಿ ಕಾಯುತ್ತಾರೆ ಎಂದು ಗೊತ್ತಾದ ಮಕ್ಕಳು ಗಡಿಯಾರ ನಿಲ್ಲಿಸುವುದನ್ನು ಕಲಿಯುತ್ತಾರೆ.

ಪ್ರಶ್ನೆ: ಎಲ್ಲ ಪ್ರಶ್ನೆಗಳೂ ನನಗೆ ಬರುತ್ತವೆ, ಸಮಯ ಮಾತ್ರ ಸಾಲುವುದಿಲ್ಲ. ಪ್ರತಿ ಅಣಕು ಪರೀಕ್ಷೆಯಲ್ಲೂ ಕೊನೆಯ ನಾಲ್ಕೈದು ಪ್ರಶ್ನೆಗಳು ಉಳಿದುಬಿಡುತ್ತವೆ. ಇನ್ನಷ್ಟು ಪರೀಕ್ಷೆ ಬರೆದರೆ ವೇಗ ಬರುತ್ತದೆಯೇ?

ಉತ್ತರ: ವೇಗದ ಈ ಗೋಳು ಇಂದಿನದಲ್ಲ. 1926ರ ಜೂನ್ 23ರಂದು ಮೊದಲ ಸ್ಯಾಟ್ ನಡೆದಾಗ 97 ನಿಮಿಷಗಳಲ್ಲಿ 315 ಪ್ರಶ್ನೆಗಳಿದ್ದವು. ಒಂದಕ್ಕೆ ಸುಮಾರು 18 ಸೆಕೆಂಡು. ಈಗಿನ ಸ್ಯಾಟ್‌ನಲ್ಲಿ ಗಣಿತದ ಒಂದು ಭಾಗಕ್ಕೆ 35 ನಿಮಿಷ, 22 ಪ್ರಶ್ನೆ. ಅಂದರೆ ಒಂದಕ್ಕೆ ಒಂದೂವರೆ ನಿಮಿಷಕ್ಕಿಂತ ತುಸು ಹೆಚ್ಚು. ಓದುಬರಹದ ಒಂದು ಭಾಗದಲ್ಲಿ 32 ನಿಮಿಷಕ್ಕೆ 27 ಪ್ರಶ್ನೆ. ಈ ಸರಾಸರಿಯನ್ನು ಬಾಯಿಪಾಠ ಮಾಡಿದವರೂ ಸೋಲುವುದು, ಅದನ್ನು ಪ್ರತಿಯೊಂದು ಪ್ರಶ್ನೆಗೂ ಸಮನಾಗಿ ಹಂಚಲು ಹೋಗುವುದರಿಂದ. ನಲವತ್ತು ಸೆಕೆಂಡಿನಲ್ಲಿ ಮುಗಿಯಬೇಕಾದ ಪ್ರಶ್ನೆಗಳು ಇರುತ್ತವೆ, ಮೂರು ನಿಮಿಷ ಬೇಡುವವೂ ಇರುತ್ತವೆ.

ಮುಂದಿನ ಅಣಕು ಪರೀಕ್ಷೆಯಲ್ಲಿ ಪ್ರಶ್ನೆಪ್ರಶ್ನೆಗೂ ಎಷ್ಟು ಸಮಯ ಹಿಡಿಯಿತು ಎಂಬುದನ್ನು ನೋಡಿ. ಇದನ್ನು ದಾಖಲಿಸುವ ತಂತ್ರಾಂಶಗಳಿವೆ, ಇಲ್ಲವಾದರೆ ಐದು ಪ್ರಶ್ನೆಗಳಿಗೊಮ್ಮೆ ಗಡಿಯಾರ ನೋಡಿ ಹಾಳೆಯ ಅಂಚಿನಲ್ಲಿ ಬರೆದುಕೊಂಡರೂ ಆಗುತ್ತದೆ. ನನ್ನ ಅನುಭವದಲ್ಲಿ ಇಂಥ ಪಟ್ಟಿಗಳೆಲ್ಲ ಒಂದೇ ಕತೆ ಹೇಳುತ್ತವೆ: ವಿದ್ಯಾರ್ಥಿ ಎಲ್ಲ ಪ್ರಶ್ನೆಗಳಲ್ಲೂ ನಿಧಾನವಾಗಿರುವುದಿಲ್ಲ, ಎರಡು ಮೂರು ಪ್ರಶ್ನೆಗಳಿಗೆ ತಲಾ ನಾಲ್ಕೈದು ನಿಮಿಷ ಸುರಿದು, ಅವನ್ನೂ ತಪ್ಪು ಮಾಡಿ, ಕೊನೆಯ ಸುಲಭದ ಐದನ್ನು ಕಳೆದುಕೊಂಡಿರುತ್ತಾನೆ. ನಿಮಗೆ ಕಲಿಯಬೇಕಾಗಿರುವುದು ವೇಗವಲ್ಲ, ಬಿಡುವ ಕಲೆ. ಎರಡು ಸುತ್ತಿನಲ್ಲಿ ಬರೆಯಿರಿ: ಮೊದಲ ಸುತ್ತಿನಲ್ಲಿ ದಾರಿ ಕಾಣುವವನ್ನು ಮುಗಿಸುತ್ತ, ಒಂದು ನಿಮಿಷವಾದರೂ ದಾರಿ ಕಾಣದ್ದಕ್ಕೆ ಒಂದು ಉತ್ತರ ಹಾಕಿ, ಗುರುತಿಟ್ಟು ಮುಂದೆ ನಡೆಯಿರಿ, ಎರಡನೆಯ ಸುತ್ತಿನಲ್ಲಿ ಅವುಗಳ ಬಳಿ ಮರಳಿ ಬನ್ನಿ. ಸ್ಯಾಟ್‌ನಲ್ಲೂ ಜಿಆರ್‌ಇಯಲ್ಲೂ ಒಂದು ಭಾಗದೊಳಗೆ ಹಿಂದೆ ಮುಂದೆ ಹೋಗಲು ಅವಕಾಶವಿದೆ. ಇದನ್ನು ಪೂರ್ಣ ಪರೀಕ್ಷೆಯಲ್ಲಿ ಪ್ರಯೋಗಿಸುವ ಮೊದಲು ಒಂದೇ ವಿಭಾಗದ ಮೇಲೆ ಹತ್ತು ಹದಿನೈದು ಸಲ ಮಾಡಿ ನೋಡಿ. ಮೂರು ನಿಮಿಷ ಕೂತ ಪ್ರಶ್ನೆಯಿಂದ ಏಳುವಾಗ ಮನಸ್ಸು ಒಪ್ಪುವುದಿಲ್ಲ. ಆ ಮುಜುಗರ ರೂಢಿಯಾಗಬೇಕು.

ಪ್ರಶ್ನೆ: ಮೊದಲು ಹೊಳೆದ ಉತ್ತರವನ್ನು ಬದಲಾಯಿಸಬಾರದು ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಅಣಕು ಪರೀಕ್ಷೆಗಳಲ್ಲಿ ಬದಲಾಯಿಸಿ ಕೆಟ್ಟದ್ದೇ ನನಗೆ ನೆನಪಿದೆ. ಗೊತ್ತಿಲ್ಲದ್ದಕ್ಕೆ ಊಹೆಯ ಉತ್ತರ ಹಾಕುವುದು ಸರಿಯೇ?

ಉತ್ತರ: ಮೇಷ್ಟ್ರ ಮೇಲಿನ ಗೌರವಕ್ಕೆ ಕುಂದಿಲ್ಲದೆ ಹೇಳುವುದಾದರೆ, ಈ ಮಾತಿಗೆ ಆಧಾರವಿಲ್ಲ. ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 1,561 ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ರಬ್ಬರಿನಿಂದ ಅಳಿಸಿ ಬದಲಾಯಿಸಿದ ಗುರುತುಗಳನ್ನು ಎಣಿಸಿದ್ದರು. ತಪ್ಪಿನಿಂದ ಸರಿಗೆ ಹೋದವು ಶೇಕಡ 51, ಸರಿಯಿಂದ ತಪ್ಪಿಗೆ ಹೋದವು ಶೇಕಡ 25. ಉಳಿದವು ಒಂದು ತಪ್ಪಿನಿಂದ ಇನ್ನೊಂದು ತಪ್ಪಿಗೆ ಹೋದವು. ಕೆಟ್ಟದ್ದೇ ನೆನಪಿನಲ್ಲಿ ಉಳಿಯುವುದಕ್ಕೂ ಕಾರಣವಿದೆ: ಕೈಯಲ್ಲಿದ್ದುದನ್ನು ಕಳೆದುಕೊಂಡ ನೋವು ಚುಚ್ಚುತ್ತದೆ, ಬದಲಾಯಿಸಿ ಗೆದ್ದದ್ದು ಗಮನಕ್ಕೇ ಬರುವುದಿಲ್ಲ. ನಿಮ್ಮ ನೆನಪನ್ನಾಗಲಿ ನನ್ನ ಮಾತನ್ನಾಗಲಿ ನಂಬಬೇಡಿ. ಮುಂದಿನ ನಾಲ್ಕು ಅಣಕು ಪರೀಕ್ಷೆಗಳಲ್ಲಿ ಬದಲಾಯಿಸಿದ ಪ್ರತಿ ಉತ್ತರವನ್ನೂ ಬರೆದಿಟ್ಟು ಲೆಕ್ಕ ಹಾಕಿ. ಹೊಸದೊಂದು ಕಾರಣ ಕಂಡು ಬದಲಾಯಿಸಿದ್ದು ಯಾವುದು, ಬರೀ ಅಳುಕಿನಿಂದ ಬದಲಾಯಿಸಿದ್ದು ಯಾವುದು ಎಂಬುದನ್ನೂ ಬೇರೆಯಾಗಿ ಬರೆಯಿರಿ. ನಿಮಗೊಪ್ಪುವ ನಿಯಮ ನಿಮ್ಮ ಪಟ್ಟಿಯಿಂದಲೇ ಹುಟ್ಟುತ್ತದೆ.

ಊಹೆಯ ವಿಷಯದಲ್ಲಿ ಪರೀಕ್ಷೆಯ ನಿಯಮವೇ ಉತ್ತರ. ಸ್ಯಾಟ್‌ನಲ್ಲಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುವ ಪದ್ಧತಿ 2016ರಲ್ಲಿ ಹೋಯಿತು. ಜಿಆರ್‌ಇಯಲ್ಲೂ ತಪ್ಪಿಗೆ ದಂಡವಿಲ್ಲ. ಅಲ್ಲಿ ಖಾಲಿ ಬಿಡುವುದು ಶುದ್ಧ ನಷ್ಟ. ಜಿಮ್ಯಾಟ್‌ನಲ್ಲಂತೂ ವಿಭಾಗವನ್ನು ಮುಗಿಸದೆ ಬಿಟ್ಟರೆ ಅದಕ್ಕೇ ಅಂಕ ಇಳಿಯುತ್ತದೆ, ಮತ್ತು ಒಂದು ವಿಭಾಗದಲ್ಲಿ ಮೂರು ಉತ್ತರಗಳನ್ನು ಮಾತ್ರ ಮರಳಿ ಬದಲಾಯಿಸಬಹುದು. ತಪ್ಪಿಗೆ ಅಂಕ ಕಳೆಯುವ ಪರೀಕ್ಷೆಯಾದರೆ ಲೆಕ್ಕ ಬೇರೆ: ನಾಲ್ಕು ಆಯ್ಕೆಗಳಲ್ಲಿ ಸರಿಗೆ 4, ತಪ್ಪಿಗೆ 1 ಕಳೆಯುವುದಾದರೆ, ಕಣ್ಣುಮುಚ್ಚಿ ಹಾಕಿದ ಊಹೆಯೂ ಸರಾಸರಿ ಕಾಲು ಅಂಕ ತರುತ್ತದೆ, ಒಂದು ಆಯ್ಕೆಯನ್ನು ಖಚಿತವಾಗಿ ಹೊಡೆದುಹಾಕಲು ಸಾಧ್ಯವಾದರೆ ಆ ಸರಾಸರಿ ಲಾಭ ಒಂದು ಅಂಕದ ಮೂರನೇ ಎರಡರಷ್ಟಾಗುತ್ತದೆ. ನೀವು ಬರೆಯುವ ಪರೀಕ್ಷೆಯ ನಿಯಮ ಯಾವುದೋ ಅಣಕು ಪರೀಕ್ಷೆಯಲ್ಲೂ ಅದನ್ನೇ ಪಾಲಿಸಿ.

ಪ್ರಶ್ನೆ: ಪರೀಕ್ಷೆಗೆ ಎಂಟು ದಿನ ಉಳಿದಿದೆ, ಹೊಸ ಅಣಕು ಪರೀಕ್ಷೆಗಳೆಲ್ಲ ಮುಗಿದಿವೆ. ಹಳೆಯದನ್ನೇ ಮತ್ತೆ ಬರೆಯಬಹುದೇ? ಕೊನೆಯ ದಿನದವರೆಗೂ ಬರೆಯುತ್ತಿರಬೇಕೆ?

ಉತ್ತರ: ಹಳೆಯದನ್ನು ಮತ್ತೆ ಬರೆಯಬಹುದು, ಅಂಕವನ್ನು ಮಾತ್ರ ನಂಬಬಾರದು. ಎರಡು ತಿಂಗಳ ಹಿಂದೆ ಬರೆದದ್ದಾದರೂ ಉತ್ತರಗಳು ಎಲ್ಲೋ ನೆನಪಿನಲ್ಲಿ ಉಳಿದಿರುತ್ತವೆ, ಎರಡನೆಯ ಸಲ ಅಂಕ ಏರಿಯೇ ಏರುತ್ತದೆ. ಸಮಯ ಹಂಚಿಕೊಳ್ಳುವ ರೂಢಿಗಾಗಿ ಒಂದೆರಡು ವಿಭಾಗ ಮಾಡಿ. ಎರಡನೆಯ ಸಲವೂ ತಪ್ಪಾದ ಪ್ರಶ್ನೆಗಳಿದ್ದರೆ ಅವು ಚಿನ್ನದಂಥವು, ಈ ಎಂಟು ದಿನ ಅವುಗಳಿಗೇ ಮೀಸಲಾಗಲಿ.

ಕೊನೆಯ ಪೂರ್ಣ ಪರೀಕ್ಷೆ ಐದು ದಿನ ಮೊದಲೇ ಮುಗಿಯಲಿ. ಅದಕ್ಕಿಂತ ತಡವಾಗಿ ಬರೆದದ್ದರಲ್ಲಿ ಕಡಿಮೆ ಬಂದರೆ ತಿದ್ದಿಕೊಳ್ಳಲು ಸಮಯವಿರುವುದಿಲ್ಲ, ಹೆಚ್ಚು ಬಂದರೆ ಹೊಸದೇನೂ ಕಲಿತ ಹಾಗಾಗುವುದಿಲ್ಲ. ಆ ಅಂಕವೂ ಹಿಂದಿನ ಎರಡರ ಅಂಕಗಳೂ ಸೇರಿ ನಿಮ್ಮ ಗುರಿಗಿಂತ ಬಹಳ ಕೆಳಗಿದ್ದರೆ, ಪರೀಕ್ಷೆಯ ದಿನಾಂಕವನ್ನು ಮುಂದೂಡುವುದರಲ್ಲಿ ಅವಮಾನವೇನಿಲ್ಲ. ಮುಂದೂಡುವ ಗಡುವನ್ನು ಮತ್ತು ಶುಲ್ಕದ ನಿಯಮವನ್ನು ಇಂದೇ ನೋಡಿಕೊಳ್ಳಿ. ತುಸು ಕೆಳಗಿದ್ದರೆ ಬರೆದುಬಿಡಿ. ಜಿಆರ್‌ಇಯನ್ನು 21 ದಿನಗಳ ಅಂತರದಲ್ಲಿ ಮತ್ತೆ ಬರೆಯಬಹುದು, 12 ತಿಂಗಳಲ್ಲಿ ಐದು ಸಲದವರೆಗೆ ಅವಕಾಶವಿದೆ. ಅರ್ಜಿಯ ಕೊನೆಯ ದಿನಾಂಕಕ್ಕೆ ಮೊದಲು ಇನ್ನೊಂದು ಸಲಕ್ಕೆ ಎಡೆಯಿದೆಯೇ ಎಂಬುದೊಂದೇ ಆಗ ಉಳಿಯುವ ಪ್ರಶ್ನೆ.

ಉಳಿದ ನಾಲ್ಕು ದಿನ ತಪ್ಪುಗಳ ನೋಟ್‌ಬುಕ್ ಓದಿ, ದಿನಕ್ಕೆ ಹತ್ತು ಹದಿನೈದು ಪ್ರಶ್ನೆ ಬಿಡಿಸಿ, ನಿದ್ರೆಯನ್ನು ಪರೀಕ್ಷೆಯ ವೇಳೆಗೆ ಹೊಂದಿಸಿಕೊಳ್ಳಿ. ಹಿಂದಿನ ದಿನ ಪ್ರಶ್ನೆಗಳನ್ನು ಮುಟ್ಟದಿದ್ದರೂ ನಡೆಯುತ್ತದೆ. ಗುರುತಿನ ಪತ್ರದಲ್ಲಿರುವ ಹೆಸರಿಗೂ ನೋಂದಣಿಯಲ್ಲಿ ಕೊಟ್ಟ ಹೆಸರಿಗೂ ಅಕ್ಷರದ ವ್ಯತ್ಯಾಸವಿದೆಯೇ ಎಂಬುದನ್ನು ಮಾತ್ರ ಆ ದಿನದವರೆಗೆ ಕಾಯದೆ ಈಗಲೇ ನೋಡಿ. ತಿದ್ದಿಸಿಕೊಳ್ಳಲು ಕೆಲವು ದಿನಗಳು ಬೇಕಾಗುತ್ತವೆ.